ಕೂಸು ಮಲಗಿದ ತರಗತಿ

ದುರ್ಗಾದೇವಿಗೆ ಏಳರ ಮಗ್ಗಿ ಇವತ್ತಿಗೂ ಅರ್ಧಕ್ಕೆ ತಡವರಿಸುತ್ತದೆ. ಅದಕ್ಕೆ ಕಾರಣ ಅವಳ ತಮ್ಮ ದುರುಗೇಶ.

ಬಾಗಲವಾಡದ ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷ ಅದು. ಅವ್ವ ಭತ್ತದ ನಾಟಿಗೆ ಹೋದ ಮೇಲೆ ಕೂಸು ದುರುಗೇಶ ದುರ್ಗಾದೇವಿಯ ಬಗಲಲ್ಲಿ. ಅನ್ನ, ಬೇಳೆಸಾರಿನ ವಾಸನೆಗೆ ಅವಳು ಗೇಟಿನ ಬಳಿ ಬಂದು ನಿಲ್ಲುತ್ತಿದ್ದಳು. ಒಂದು ದಿನ ಸೂಫಿಯಾ ಟೀಚರ್ ಹೊರಗೆ ಬಂದರು.

"ವಾಸನಿ ತಗೊಂಡ್ರ ಹೊಟ್ಟಿ ತುಂಬತದೇನ ಬೇ? ಒಳಗ ಬಾ, ಆ ಸಾಹೇಬನ್ನೂ ಕರ್ಕೊಂಡ್ ಬಾ."

ಅಂದಿನಿಂದ ಅವಳ ಜಾಗ ಹೊಸ್ತಿಲ ಪಕ್ಕ. ತಮ್ಮ ಅತ್ತರೆ ಎದ್ದು ಬೇವಿನ ಗಿಡದ ಕೆಳಗೆ ಹೋಗಬೇಕು. ಏಳರ ಮಗ್ಗಿಯ ದಿನ ಅವನು ಏಳೈದಲೆ ಬರುವಷ್ಟರಲ್ಲಿ ಚೀರಿದ. ಅವಳು ಗಿಡದ ಕೆಳಗಿದ್ದಾಗ ಟೀಚರ್ ಅವಳಿಗೆ ಕೇಳಲೆಂದೇ ದನಿ ಎತ್ತರಿಸಿ ಪಾಠ ಹೇಳುತ್ತಿದ್ದರೆಂಬುದು ಎಷ್ಟೋ ವರ್ಷಗಳ ನಂತರ ಹೊಳೆಯಿತು.

ಹೀಗೆ ಅರ್ಧ ಕೇಳಿ ಅರ್ಧ ಬಿಟ್ಟು, ಮಾನ್ವಿಯಲ್ಲಿ ಹೈಸ್ಕೂಲು, ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ, ಆಮೇಲೆ ಡಿ.ಎಡ್. ಸಂಜೆ ಹಾಸ್ಟೆಲಿನ ತಾರಸಿಯಲ್ಲಿ ಕೋಟೆಯ ಗುಡ್ಡ ನೋಡುತ್ತ ಹುಡುಗಿಯರೆಲ್ಲ ತಂತಮ್ಮ ಊರಿನ ಶಾಲೆಯ ಸಾರು ಎಷ್ಟು ನೀರಾಗಿರುತ್ತಿತ್ತೆಂದು ಜಗಳಾಡುತ್ತಿದ್ದರು. ಈಗ ನೆನೆದರೆ ಆ ನೀರುಸಾರೂ ರುಚಿ.

ಈಗ ಅವಳು ದೇವದುರ್ಗ ತಾಲೂಕಿನ ಜಾಲಹಳ್ಳಿ ಹತ್ತಿರದ ದೊಡ್ಡಿಯೊಂದರಲ್ಲಿ, ಹೊಲಗಳ ನಡುವಿನ ಸಣ್ಣ ಊರಿನಲ್ಲಿ, ಅತಿಥಿ ಶಿಕ್ಷಕಿ. ಸರ್ಕಾರ ಹಾಲು, ಮೊಟ್ಟೆ, ಪುಸ್ತಕ ಕೊಡುತ್ತದೆ. ಓದಿನಲ್ಲಿ ಹಿಂದುಳಿದವರಿಗೆ ವಿಶೇಷ ತರಗತಿಯೂ ಇದೆ. ಅದು ಅವಳ ಪಾಲಿಗೆ ಬಂದಿದೆ. ಐದನೆಯ ತರಗತಿಯ ಹುಲಿಗೆಮ್ಮ ದಸರೆಯ ಹೊತ್ತಿಗೆ ಅಕ್ಷರ ದಾಟಿ ವಾಕ್ಯಕ್ಕೆ ಬಂದಿದ್ದಳು. ಅಷ್ಟರಲ್ಲಿ ಹತ್ತಿ ಒಡೆಯಿತು. ತಾಯಿ ಬಸ್ಸಮ್ಮ ಕೂಲಿಯವರ ಟಂಟಂ ಆಟೋ ಏರಿ ಹತ್ತಿ ಬಿಡಿಸಲು ಹೊರಟಳು, ಹುಲಿಗೆಮ್ಮ ಎಳೆಗೂಸು ತಮ್ಮನ ಕಾವಲಿಗೆ ಮನೆಯಲ್ಲಿ ಉಳಿದಳು.

ದುರ್ಗಾದೇವಿ ಅವರ ಮನೆಗೆ ಹೋದಳು.

"ಪಂಚಾಯ್ತಿ ಊರಾಗ ಸರ್ಕಾರದ ಕೂಸಿನ ಮನಿ ಅದಲ್ಲ ಯವ್ವಾ, ಹಗಲೆಲ್ಲ ಕೂಸು ನೋಡ್ಕೊಂತಾರ, ಅಲ್ಲಿ ಬಿಡು."

"ಅಲ್ಲಿಗೆ ಹೋಗಿ ಬರೋದ್ರಾಗ ಟಂಟಂ ಹೊಲ ಮುಟ್ಟಿರ್ತದ್ರಿ ಟೀಚರ್. ಈಕಿನ್ನ ಮುಂದಿನ ವರ್ಷ ಸಾಲಿಗೆ ಕಳಸ್ತೀನಿ."

ಇದೇ ಮಾತು ಕೇಳಿ ಶಾಲೆ ಬಿಟ್ಟ ಎಷ್ಟು ಗೆಳತಿಯರು ಬಾಗಲವಾಡದ ಶಾಲೆಗೆ ಮರಳಿ ಬಂದಿದ್ದರು? ಒಬ್ಬಳೂ ಇಲ್ಲ.

"ಕೂಸಿನ ಸಮೇತ ಕಳಸು."

"ಅತ್ರ?"

"ಅಳೋ ಕೂಸು ನಂಗ ರೂಢಿ ಅದ."

"ಒಂದ್ ವಾರ ನೋಡ್ತೀನ್ರಿ. ಕೂಸು ಸೊರಗಿದ್ರ ಇಬ್ಬರನ್ನೂ ಹೊಲಕ್ಕ ಕರ್ಕೊಂಡ್ ಹೋಗಾಕಿ ನಾನು."

ತರಗತಿಯ ಫ್ಯಾನಿಲ್ಲದ ಕೊಕ್ಕೆಗೆ ದುರ್ಗಾದೇವಿ ತನ್ನ ಹಳೆಯ ಸೀರೆಯ ಜೋಲಿ ಕಟ್ಟಿದಳು. ಹೆಡ್ ಮಾಸ್ತರ್ ಕೊಟ್ರೇಶ ನೋಡಿದರು. "ನಾಳಿಗೆ ಎಮ್ಮಿ ಕರಾನೂ ಕಟ್ಟಸ್ತೀರೇನ್ರಿ ಟೀಚರ್?" ಎಂದವರು, ಸೀರೆ ಜಗ್ಗಿ ನೋಡಿ, "ಗಂಟು ಸಡ್ಲ ಅದ" ಎಂದು ತಾವೇ ಬಿಗಿದರು.

ಮೊದಲ ದಿನ ಅವಳು ಮಕ್ಕಳ ಬಾಯಿ ಮುಚ್ಚಿಸಿದಳು. ತಪ್ಪಾಗಿದ್ದು ಅಲ್ಲೇ. ಹಿಟ್ಟಿನ ಗಿರಣಿಯ ಪಕ್ಕದ ಮನೆಯಲ್ಲಿ ಹುಟ್ಟಿದ ಕೂಸು ಸದ್ದಡಗಿದ ಕೂಡಲೇ ಕಣ್ಣು ಬಿಟ್ಟು ಕಿರುಚಿತು. ಹುಲಿಗೆಮ್ಮ ಗಾಬರಿಯಿಂದ ಜೋಲಿ ತೂಗುವ ಹಗ್ಗ ಜಗ್ಗುತ್ತ ಕೈಗೆ ಸಿಕ್ಕ ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದಳು. ಕೂಸು ಮಲಗಿತು. ಅಂದಿನಿಂದ ಹಗ್ಗ ಹಿಡಿದವರು ಗಟ್ಟಿಯಾಗಿ ಓದಬೇಕೆಂಬ ನಿಯಮವಾಯಿತು. ಗುನುಗುಟ್ಟುತ್ತಿದ್ದ ಮಕ್ಕಳೆಲ್ಲ ಹಗ್ಗಕ್ಕೆ ಜಗಳಾಡಿದರು. ತಪ್ಪು ಓದಿದರೂ ಜೋಲಿಯೊಳಗಿನವನು ನಗುವುದಿಲ್ಲವಲ್ಲ.

ವಾರ ಕಳೆಯಿತು. ಒಂದು ಬೆಳಿಗ್ಗೆ ರಸ್ತೆಯಲ್ಲಿ ಟಂಟಂ ನಿಂತಿತು. ಬಸ್ಸಮ್ಮ ತರಗತಿಯ ಬಾಗಿಲಿಗೆ ಬಂದಳು. "ಹತ್ತಿ ಬಿಡಸಾಕ ಆಳು ಕಡಿಮಿ ಬಿದ್ದಾವ ಟೀಚರ್. ಇಬ್ಬರನ್ನೂ ಕರ್ಕೊಂಡ್ ಹೋಗಾಕ ಬಂದೀನಿ."

ಹಗ್ಗ ಹಿಡಿದಿದ್ದ ಹುಲಿಗೆಮ್ಮ ತಾಯಿಯನ್ನು ನೋಡಿ ಓದು ನಿಲ್ಲಿಸಿದಳು. ಜೋಲಿ ಅಲುಗಿತು, ಒಳಗಿನಿಂದ ಒಂದು ಮುಲುಕು. ಅವಳು ಅವಸರದಲ್ಲಿ ಅದೇ ಸಾಲನ್ನು ಮೊದಲಿನಿಂದ ಹಿಡಿದಳು, ದೊಡ್ಡ ಪದವೊಂದಕ್ಕೆ ಎಡವಿದಳು, ಬಿಡಿಸಿ ಬಿಡಿಸಿ ಓದಿ ದಾಟಿದಳು. ಮುಲುಕು ನಿಂತಿತು. ಬಸ್ಸಮ್ಮ ಜೋಲಿಯೊಳಗೆ ಬಗ್ಗಿ ನೋಡಿದಳು.

"ನನ್ನ ಮಗ್ಗಲಾಗ ಒಂದಿನಾನೂ ಹಿಂಗ ಮಕ್ಕೊಂಡಿಲ್ಲ, ಕಳ್ಳ."

ಟಂಟಂ ಹಾರನ್ ಹೊಡೆಯಿತು. ಬಸ್ಸಮ್ಮ ಸೆರಗು ಬಿಗಿದಳು.

"ನಿಲ್ಲಸಬ್ಯಾಡ ಬೇ, ಎದ್ದಗಿದ್ದಾನು. ಹತ್ತಿ ಮುಗಿಯೋತನಕ ಓದು," ಎಂದು ಮಗಳಿಗೆ ಹೇಳಿ, ಒಬ್ಬಳೇ ರಸ್ತೆಯ ಕಡೆ ಓಡಿದಳು.