ಖಾಲಿ ಸಾಲಿನ ವಿಲ್ಮಾ

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಪುಟ್ಟ ಊರಿನಲ್ಲಿ ಚುನಾವಣೆಯೆಂದರೆ ವಿಲ್ಮಾ ಗೋಡೆಟ್ ಕಾಫಿ ಕುದಿಸಿ, ಬೀನ್ಸ್ ಬೇಯಿಸಿ, ಸಭಾಭವನದ ನೆಲ ಒರೆಸುವ ದಿನ. "ವಿಲ್ಮಾ, ನೀನಿಲ್ದೆ ಪ್ರಜಾಪ್ರಭುತ್ವಾನೇ ನಡೆಯಲ್ಲ ಕಣೇ, ಇನ್ನೊಂದ್ ಲೋಟ ಹಾಕು!" ಎನ್ನುತ್ತಾರೆ ಗಂಡಸರು. ಸ್ಮಶಾನ ನೋಡಿಕೊಳ್ಳುವ ಹುದ್ದೆಗೂ ಇಲ್ಲಿ ಚುನಾವಣೆಯೇ, ಆದರೆ ಅದಕ್ಕೆ ಯಾರೂ ನಿಲ್ಲುವುದಿಲ್ಲ. ಮತಪತ್ರದಲ್ಲಿ ಅದಕ್ಕೆಂದು ಬಿಟ್ಟ ಖಾಲಿ ಸಾಲಿನಲ್ಲಿ ಮತದಾರರು ಯಾರ ಹೆಸರನ್ನಾದರೂ ಬರೆಯಬಹುದು. ಒಂದೆರಡು ಮತಕ್ಕೆ ಹುದ್ದೆ ಸಿಗುವುದಿಲ್ಲ, ಆದರೂ ವಿಲ್ಮಾ ಪ್ರತಿಸಲ ತನ್ನ ಹೆಸರನ್ನೇ ಬರೆಯುತ್ತಾಳೆ. ಎಣಿಸುವವರು "ವಿಲ್ಮಾ ಗೋಡೆಟ್, ಒಂದು" ಎಂದು ಗಟ್ಟಿಯಾಗಿ ಓದುತ್ತಾರೆ. ಕೆಲಸ ಹೇಳದೆ ಯಾರಾದರೂ ಅವಳ ಹೆಸರೆತ್ತುವುದು ಆಗ ಮಾತ್ರ. ಈ ಸಲ "ಎರಡು" ಎಂದರು. "ನೀನೇನಾ ಬರ್ದಿದ್ದು?" ಎಂದು ಗಂಡನನ್ನು ಕೇಳಿದಳು. "ನಂಗೇನ್ ಹುಚ್ಚಾ? ಊಟ ಬಡ್ಸು" ಎಂದ ಅವನು. ಗುಟ್ಟಿನ ಮತ, ಬೇರೆಯವರನ್ನು ಕೇಳುವಂತಿಲ್ಲ. ಈಗ ಅಂಗಡಿಯಲ್ಲಿ, ಚರ್ಚಿನಲ್ಲಿ ಎದುರಾದವರ ಮುಖವನ್ನೆಲ್ಲ ಅವಳು ತುಸು ಹೆಚ್ಚು ಹೊತ್ತು ನೋಡುತ್ತಾಳೆ. ಯಾರೂ ಇಲ್ಲವೆಂಬುದು ಅವಳಿಗೆ ರೂಢಿಯಾಗಿತ್ತು. ಯಾರೋ ಒಬ್ಬರಿದ್ದಾರೆ ಎಂಬುದನ್ನು ತಾಳಿಕೊಳ್ಳಲಾಗುತ್ತಿಲ್ಲ.