ಬುಧವಾರದ ಮಾವ

ಊಟಕ್ಕೆ ಕೂರುವ ಮುನ್ನ ಮಾವ ಕೈಗಡಿಯಾರವನ್ನು ಬಿಚ್ಚಿ ಅಂಗಿಯ ಜೇಬಿಗೆ ಇಳಿಸುತ್ತಿದ್ದರು. ಗಡಿಯಾರ ಇದ್ದ ಕಡೆ ಮಣಿಕಟ್ಟಿನ ಸುತ್ತ ಬೆಳ್ಳಗಿನ ಪಟ್ಟಿಯೊಂದು ಕಾಣುತ್ತಿತ್ತು; ಉಳಿದ ಕೈಯೆಲ್ಲ ಬಿಸಿಲಿಗೂ ಕಾರ್ಖಾನೆಯ ಎಣ್ಣೆಗೂ ಕಪ್ಪಾದದ್ದು. ಆಮೇಲೆ ತೋಳುಗಳನ್ನು ಮೊಣಕೈವರೆಗೆ ಮಡಚಿ, ಎದುರಿಗೆ ಕೂತವನ ತಟ್ಟೆಯನ್ನೇ ನೋಡುತ್ತಿದ್ದರು. ಎದುರಿನವನು ಮೊದಲ ತುತ್ತು ಬಾಯಿಗಿಡುವ ತನಕ ಇವರ ಬೆರಳು ತಟ್ಟೆ ಮುಟ್ಟುತ್ತಿರಲಿಲ್ಲ. ಎಷ್ಟೇ ಹಸಿದಿರಲಿ, ಹಾಗೇ ಕಾಯುತ್ತಿದ್ದರು. ಆ ಎದುರಿನವನು ಬಹಳ ವರ್ಷ ನಾನೇ ಆಗಿದ್ದೆ.

ಅವರು ನನ್ನ ಹೆಂಡತಿಯ ತಂದೆ. ಈಗ ಅವಳು ನನ್ನ ಹೆಂಡತಿಯಲ್ಲ. ಆದ್ದರಿಂದ ಅವರನ್ನು ಮಾವ ಎನ್ನುವ ಹಕ್ಕು ನನಗಿಲ್ಲ ಎಂದು ನನ್ನ ಅಕ್ಕನೇ ಹೇಳುತ್ತಾಳೆ. ಹೇಳಿಕೊಳ್ಳಲಿ. ನಾನು ಬೇರೆ ಹೆಸರನ್ನು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮಾವ ವಿಮಾನದ ಬಿಡಿಭಾಗ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜೀವನ್ ಬಿಮಾ ನಗರದಲ್ಲಿ ಸ್ವಂತ ಮನೆ. ಹುಟ್ಟಿದ್ದು ಕೆ.ಆರ್. ಪುರದ ಆಚೆಯ ಹಳ್ಳಿಯಲ್ಲಿ, ಅಜ್ಜಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಸಾಲಾಗಿ ಕೂರಿಸಿ ಬಡಿಸುತ್ತಿದ್ದ ದೊಡ್ಡ ಮನೆಯಲ್ಲಿ. ಅಲ್ಲಿಂದ ಕಾರ್ಖಾನೆಯ ಕ್ಯಾಂಟೀನಿಗೆ ಬಂದರು. ಅಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಇವರೂ ಸೇರಿ ನಾಲ್ವರು ಗೆಳೆಯರು, ಯಾವಾಗಲೂ ಅದೇ ನಾಲ್ವರು. ನಿವೃತ್ತಿಯಾದ ಮೇಲೆ ಒಬ್ಬೊಬ್ಬರಾಗಿ ಮೂವರು ಹೋಗಿಬಿಟ್ಟರು. ಅತ್ತೆ ಅಷ್ಟರಲ್ಲಿ ಯಾವುದೋ ವ್ರತ ಹಿಡಿದು ಮಾಂಸ ಬಿಟ್ಟಿದ್ದರು, ರಾತ್ರಿಯ ಊಟವನ್ನೂ ಬಿಟ್ಟಿದ್ದರು. ಅಡುಗೆಮನೆಗೆ ಈರುಳ್ಳಿ ಬರುವುದಕ್ಕೂ ಅಪ್ಪಣೆ ಬೇಕಿತ್ತು. ಮಾವನ ರಾತ್ರಿಯ ತಟ್ಟೆ ಟಿ.ವಿ. ಮುಂದೆ ಮುಚ್ಚಿಟ್ಟಿರುತ್ತಿತ್ತು. “ಟಿ.ವಿ.ಲಿ ಅವರು ಬೈದಾಡ್ಕೊಂಡಿರ್ತಾರೆ, ಇಲ್ಲಿ ನಾನು ಅನ್ನ ಕಲಸ್ತಿರ್ತೀನಿ. ಗಂಟ್ಲಲ್ಲಿ ಇಳಿಯಲ್ಲ ಮಾರಾಯ” ಎಂದು ಅವರು ನನಗೆ ಹೇಳಿದ್ದು ಮದುವೆಯಾದ ಹೊಸದರಲ್ಲಿ.

ಮಾಂಸದ ಆಸೆಗಾಗಿ ನನ್ನನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ ಎಂದು ನಾನು ಮೊದಮೊದಲು ತಿಳಿದಿದ್ದೆ. ನನಗೂ ಬಾಯಿ ಚಪಲ ಕಡಿಮೆಯಿರಲಿಲ್ಲ. ಬುಧವಾರ, ಭಾನುವಾರ ಬಿಟ್ಟರೆ ಉಳಿದವೆಲ್ಲ ದೇವರ ವಾರಗಳು. ಭಾನುವಾರ ಎಲ್ಲಿ ಹೋದರೂ ಜನಜಾತ್ರೆ. ಹಾಗಾಗಿ ಬುಧವಾರ ನಿಗದಿಯಾಯಿತು. ಮಾವ ಮನೆಯಲ್ಲಿ ಏನೋ ಒಂದು ಹೇಳಿ ಬಸ್ಸು ಹತ್ತಿ ಶಿವಾಜಿನಗರಕ್ಕೆ ಬರುತ್ತಿದ್ದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಕಬಾಬಿನ ಅಂಗಡಿ. ಮುಂದೆ ಇದ್ದಿಲ ಒಲೆ, ಒಳಗೆ ಮೇಜುಗಳು, ಗೋಡೆಯ ಮೇಲೆ ಬೀಸುವಷ್ಟೇ ಸದ್ದನ್ನೂ ಮಾಡುವ ಫ್ಯಾನು. ಅಂಗಡಿಯ ಮುದುಕರು ನನ್ನನ್ನು ‘ದಾಮಾದ್ ಸಾಬ್’ ಎಂದೇ ಕರೆಯುತ್ತಿದ್ದರು, ಅಂದರೆ ಅಳಿಯಂದಿರು. ನಾನು ತಡವಾಗಿ ಹೋದರೆ ಒಲೆಯ ಹಿಂದಿನಿಂದಲೇ ಕೂಗುತ್ತಿದ್ದರು: “ಏನ್ ದಾಮಾದ್ ಸಾಬ್, ಮಾವಂಗೆ ಭೂಕಾ ಕೂರ್ಸಿದೀರಲ್ಲ! ನಾನು ಕೊಟ್ರೆ ತಿನ್ನಲ್ಲ ಅಂತಾರೆ ಇವ್ರು.”

ರಂಜಾನ್ ತಿಂಗಳಲ್ಲಿ ಆ ಗಲ್ಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಮ್ಮೆ ಸಂಜೆ ಬೇಗ ಹೋಗಿಬಿಟ್ಟಿದ್ದೆವು. ಅಕ್ಕಪಕ್ಕದ ಮೇಜಿನವರೆಲ್ಲ ಖರ್ಜೂರ ಮುಂದಿಟ್ಟುಕೊಂಡು ಮಸೀದಿಯ ಬಾಂಗಿನ ಕೂಗಿಗೆ ಕಾಯುತ್ತಿದ್ದರು. ನಮ್ಮ ತಟ್ಟೆ ಬಂತು. ನಾನು ಕೈ ಹಾಕಲು ಹೋದರೆ ಮಾವ ಮಣಿಕಟ್ಟು ಹಿಡಿದರು. “ಇರು. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಅವ್ರು. ಎಲ್ರೂ ಒಟ್ಟಿಗೇ ಶುರು ಮಾಡಣ.” ಕೂಗು ಕೇಳಿದಾಗ ಪಕ್ಕದ ಮೇಜಿನವರೊಬ್ಬರು ನಮಗೂ ಖರ್ಜೂರ ಕೊಟ್ಟರು. ಅಷ್ಟು ಜನ ಒಂದೇ ಗಳಿಗೆಗೆ ಬಾಯಿಗೆ ತುತ್ತಿಡುವುದನ್ನು ಮಾವ ಕಣ್ತುಂಬ ನೋಡಿದರು. ಅವತ್ತಿನಷ್ಟು ಅವರು ತಿಂದದ್ದನ್ನು ನಾನು ಮತ್ತೆ ನೋಡಲಿಲ್ಲ. ಅವರಿಗೆ ಬೇಕಾದದ್ದು ಕಬಾಬಲ್ಲ ಎಂದು ನನ್ನ ಮಂದಬುದ್ಧಿಗೆ ಹೊಳೆದದ್ದು ಆಗಲೇ.

ಆಮೇಲೆ ನಾನೂ ಅವಳೂ ಬೇರೆಯಾದೆವು. ಹೇಳಿಕೊಳ್ಳುವಂಥ ಜಗಳವೇನೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಕೇಳಿದವರಿಗೆ ಉತ್ತರವಾದರೂ ಸಿಗುತ್ತಿತ್ತು. ನಮ್ಮಿಬ್ಬರ ನಡುವೆ ಮಾತು ಮುಗಿದುಹೋಗಿತ್ತು, ಅಷ್ಟೆ. ಅವಳು ಅಪ್ಪನ ಮನೆಗೆ ಹೋದಳು. ನಾನು ಜೋಗುಪಾಳ್ಯದಲ್ಲಿ ಹೊಲಿಗೆ ಅಂಗಡಿಯೊಂದರ ಮೇಲಿನ ಒಂದು ಕೋಣೆಗೆ ಬಂದೆ. ಕೆಳಗಿನ ಯಂತ್ರಗಳ ಸದ್ದು ನಿಂತ ಮೇಲೆ ಆ ಕೋಣೆಯಲ್ಲಿ ನಾನೇ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದೆ. ಮಾವನೂ ಇನ್ನು ಕೈತಪ್ಪಿದರು ಎಂದುಕೊಂಡೆ. ಅವಳನ್ನು ಕಳೆದುಕೊಂಡದ್ದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಬುಧವಾರಕ್ಕೆ ಒಗ್ಗಲು ಆಗುತ್ತಿರಲಿಲ್ಲ.

ಕೋರ್ಟಿನ ಕಾಗದಕ್ಕೆ ಸಹಿ ಬಿದ್ದ ವಾರವೇ ಮಾವನ ಫೋನ್ ಬಂತು. “ಎಲ್ಲಿದ್ದೀಯ? ಬುಧವಾರ ಅಲ್ವಾ ಇವತ್ತು?” ಎಂದರು. ಬೇರೆ ಒಂದು ಮಾತಿಲ್ಲ.

ಅವತ್ತು ಅವರಿಗೆ ಇಂದಿರಾನಗರದಲ್ಲಿ ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಹೊಸ ಪಬ್ಬುಗಳನ್ನು ನೋಡುವ ಹುಕಿ ಬಂದಿತ್ತು. ಯಂತ್ರ ಹೇಗಿದೆ ಎಂದು ಕಾಣಬೇಕಂತೆ, ಕಾರ್ಖಾನೆಯ ಮನುಷ್ಯ ನೋಡಿ! ಹಂಡ್ರೆಡ್ ಫೀಟ್ ರೋಡಿನ ಒಂದು ಬಾಗಿಲಲ್ಲಿ ಕಪ್ಪು ಅಂಗಿಯ ಹುಡುಗ ಅಡ್ಡ ಬಂದ.

“ಸಾರಿ ಸರ್, ಟುಡೇ ಲೇಡೀಸ್ ನೈಟ್. ಸ್ಟ್ಯಾಗ್ಸ್ ನಾಟ್ ಅಲೌಡ್.”

“ಸ್ಟ್ಯಾಗ್ಸ್ ಅಂದ್ರೆ ಏನಪ್ಪ?” ಎಂದು ಮಾವ ನನ್ನತ್ತ ತಿರುಗಿದರು.

“ಒಂಟಿ ಗಂಡಸರು ಮಾವ. ಬನ್ನಿ, ಹೋಗಣ.”

“ಒಂಟಿ ಎಲ್ಲಿ? ಇಬ್ರಿದ್ದೀವಲ್ಲ!” ಎಂದು ಆ ಹುಡುಗನ ಭುಜದ ಮೇಲೆ ಕೈಯಿಟ್ಟರು. “ಫ್ಯಾಮಿಲಿ ಕಣಪ್ಪ ನಾವು. ಇವ್ನು ನಮ್ಮ ಅಳಿಯ. ಸನ್-ಇನ್-ಲಾ!”

ಹುಡುಗ ನಕ್ಕ, ಒಳಗೆ ಮಾತ್ರ ಬಿಡಲಿಲ್ಲ. ನಾವು ಹಲಸೂರಿನ ಕಡೆಗೆ ನಡೆದೆವು. ಎರಡೂ ಕಡೆ ಮಹಡಿಗಳ ಮೇಲೆ ದೀಪ, ಹಾಡು, ನಗು, ಬಾಗಿಲಿಗೊಂದು ಸಾಲು. ಅಷ್ಟೊಂದು ಜನ ಗುಂಪುಗುಂಪಾಗಿ ಉಣ್ಣುವ ಬೀದಿಯಲ್ಲಿ ನನಗೆ ಅಳು ಬಂದುಬಿಟ್ಟಿತು. ಅದನ್ನು ಮುಚ್ಚಿಕೊಳ್ಳಲು ಸ್ವಲ್ಪ ಗಡುಸಾಗಿಯೇ ಹೇಳಿದೆ: “ಮಾವ, ಇನ್ಮೇಲೆ ಅಳಿಯ ಅನ್ಬೇಡಿ. ಮುಗೀತಲ್ಲ ಎಲ್ಲ.”

ಅವರು ನಿಂತರು. “ಮತ್ತೇನನ್ಲಿ? ನೀನೇ ಹೇಳು.”

ನಾನು ರಸ್ತೆಯಾಚೆಯ ದೀಪಗಳತ್ತ ತಿರುಗಿದೆ.

“ಅವ್ಳನ್ನ ಕೇಳಿದ್ರು, ನಿನ್ನ ಕೇಳಿದ್ರು. ಸಹಿ ಹಾಕಿದ್ರಿ. ನನ್ನ ಯಾರಾದ್ರೂ ಕೇಳಿದ್ರಾ? ನಾನು ಎಲ್ಲೂ ಸಹಿ ಹಾಕಿಲ್ಲ.” ಹಾಗೆಂದು ಮತ್ತೆ ನಡೆಯತೊಡಗಿದರು. “ಬೇಗ ಬಾ. ಕಾಲು ಸೂಪು ಖಾಲಿಯಾಗಿಬಿಡುತ್ತೆ.”

ಹಲಸೂರಿನ ಮಿಲಿಟರಿ ಹೋಟೆಲಿನಲ್ಲಿ ಸೂಪು ಖಾಲಿಯಾಗಿರಲಿಲ್ಲ. ಮುದ್ದೆ ಮುರಿದು ಮೊದಲ ತುತ್ತು ನುಂಗಿದೆ. ಆಮೇಲೆ ಅವರು ಶುರು ಮಾಡಿದರು.

ಹೀಗೆ ಕೆಲವು ವರ್ಷ ನಡೆಯಿತು. ಮಗಳ ವಿಷಯ ಅವರು ಎತ್ತುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಚಟ್ನಿ ನೀರಾಗಿದೆ, ಮೆಟ್ರೊ ಕಂಬ ಬಿಸಿಲಿಗೆ ಅಡ್ಡ ಬಂದಿದೆ, ಸಪ್ಲೈಯರ್ ಹುಡುಗರಿಗೆ ಈಗ ಹಿಂದಿಯಲ್ಲೇ ಬೈಯಬೇಕು, ಇಂಥವೇ ನಮ್ಮ ಮಾತು. ಒಂದು ತಿಂಗಳು ಮಾತ್ರ ಅವರು ಬರಲಿಲ್ಲ, ಫೋನೂ ಮಾಡಲಿಲ್ಲ. ನಾನಾಗಿಯೇ ಮಾಡುವ ಧೈರ್ಯ ನನಗಿರಲಿಲ್ಲ. ಪ್ರತಿ ಬುಧವಾರ ಕಬಾಬಿನ ಅಂಗಡಿಯ ತನಕ ಹೋಗಿ, ಮುದುಕರ ಕಣ್ಣು ತಪ್ಪಿಸಿ ವಾಪಸು ಬರುತ್ತಿದ್ದೆ. ಆಮೇಲೆ ಒಂದು ದಿನ ನಮ್ಮ ಮೇಜಿನಲ್ಲೇ ಕೂತಿದ್ದರು.

“ಅವ್ಳಿಗೆ ಮದುವೆಯಾಯ್ತು. ರಿಜಿಸ್ಟರ್ ಆಫೀಸಲ್ಲಿ” ಎಂದರು, ನಾನು ಕೂರುವ ಮೊದಲೇ.

“ಒಳ್ಳೇದಾಯ್ತು ಮಾವ.” ಅದು ನಿಜವಾಗಿಯೂ ನನ್ನ ಮನಸ್ಸಿನಿಂದ ಬಂದ ಮಾತು. ಆದರೆ ನನಗೆ ಸಂಕಟವಾದದ್ದೂ ನಿಜ. ಅವಳಿಗಾಗಿ ಅಲ್ಲ. ಇವರಿಗೆ ಈಗ ಹಕ್ಕಿನ ಅಳಿಯನೊಬ್ಬ ಬಂದನಲ್ಲ, ನಾನು ಇನ್ನು ಯಾವ ಲೆಕ್ಕ?

“ಹುಡುಗ ಒಳ್ಳೆಯವ್ನು” ಎಂದರು ಮಾವ. “ನಂಗೇನು ಬೇಕು ಕೇಳಿ ಕೇಳಿ ಫೋನಲ್ಲೇ ತರಿಸ್ತಾನೆ. ಬಾಗ್ಲಿಗೆ ಬರುತ್ತೆ ಎಲ್ಲ. ಡಬ್ಬ ಬಿಚ್ಕೊಂಡು ಅವ್ರು ಒಂದು ರೂಮು, ನಾನು ಒಂದು ರೂಮು.” ನನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿ, “ತಿನ್ನು ನೀನು, ಆರಿಹೋಗ್ತಿದೆ” ಎಂದರು. ಮುಂದಿನ ಬುಧವಾರವೂ ಬಂದರು.

ಆಮೇಲೆ ಅವರ ಮೂತ್ರಪಿಂಡ ಕೈಕೊಟ್ಟಿತು. ಉಪ್ಪು ಬೇಡ, ಮಾಂಸ ಬೇಡ, ನೀರೂ ಅಳೆದೇ ಕುಡಿಯಬೇಕು. ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದರು. ಬಸ್ಸು ಹತ್ತಲಾಗದೆ ಆಟೊದಲ್ಲಿ ಬಂದು, ಎಂದಿನಂತೆ ಗಡಿಯಾರ ಬಿಚ್ಚಿ, ನನಗೊಬ್ಬನಿಗೇ ತರಲು ಹೇಳಿದರು: ಎರಡು ಸೀಖ್ ಕಬಾಬ್, ಒಂದು ರೊಟ್ಟಿ.

“ನಿಮ್ಮೆದುರಿಗೆ ನಾನು ಹೇಗೆ ತಿನ್ಲಿ ಮಾವ?” ಎಂದೆ.

“ಬಾಯಲ್ಲಿ ತಿನ್ನು” ಎಂದು ರೇಗಿದರು. “ನಾಟಕ ಮಾಡ್ಬೇಡ. ಮನೇಲಿ ಒಬ್ನೇ ಏನ್ ಬೇಯಿಸ್ಕೋತೀಯ ಅಂತ ನಂಗೊತ್ತಿಲ್ವಾ? ನೀನು ಹೊಟ್ಟೆ ತುಂಬ ತಿನ್ನೋದು ವಾರಕ್ಕೆ ಇದೊಂದೇ ದಿನ.”

ಆಗ ನನಗೆ ಅರ್ಥವಾಯಿತು. ಅವರ ಒಂಟಿತನಕ್ಕೆ ನಾನು ಜೊತೆ ಕೊಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆನಲ್ಲ, ಅವರು ನನ್ನ ತಟ್ಟೆಯನ್ನು ಕಾಯಲು ಆಟೊ ಹತ್ತಿ ಬರುತ್ತಿದ್ದರು. ತಿಂದೆ. ಅವರು ನೋಡುತ್ತಾ ಕೂತರು. ನಾನು ಎರಡನೆಯ ರೊಟ್ಟಿ ಹೇಳಿದಾಗ ಅವರ ಮುಖ ಅರಳಿತು.

ಅಂಥ ಬುಧವಾರಗಳು ಹೆಚ್ಚು ಸಿಗಲಿಲ್ಲ. ಆಸ್ಪತ್ರೆಗೆ ಒಮ್ಮೆ ಹೋಗಿದ್ದೆ, ಮಲಗಿದ್ದರು, ಎಬ್ಬಿಸಲಿಲ್ಲ. ಹೋದ ಸುದ್ದಿ ಹಳೆಯ ನೆರೆಯವರೊಬ್ಬರಿಂದ ಬಂತು. ಸ್ಮಶಾನದಲ್ಲಿ ಕಾರ್ಖಾನೆಯ ಹಳಬರ ಹಿಂದೆ ನಿಂತೆ. ಕೊಳ್ಳಿ ಹಿಡಿದದ್ದು ಅವರ ಅಣ್ಣನ ಮಗ. ಹೊಸ ಅಳಿಯ ಕೆಂಪಾದ ಕಣ್ಣುಗಳಿಂದ ಓಡಾಡುತ್ತಿದ್ದ. ಒಳ್ಳೆಯ ಹುಡುಗ, ಮಾವ ಹೇಳಿದ್ದು ಸುಳ್ಳಲ್ಲ. ನನಗೂ ನೀರಿನ ಬಾಟಲಿ ಕೊಟ್ಟು, “ನೀವು ಯಾರ ಕಡೆ ಸರ್?” ಎಂದು ಕೇಳಿದ. “ಪರಿಚಯದವನು” ಎಂದೆ. ಅಷ್ಟು ಜನರ ನಡುವೆ ಅತ್ತರೆ ಯಾಕೆ ಎಂದು ಯಾರಿಗೆ ಹೇಳಲಿ? ಜೋಗುಪಾಳ್ಯದ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು ಅತ್ತೆ.

ಹತ್ತನೆಯ ದಿನ ಸಂಜೆ ಅವಳ ಫೋನ್ ಬಂತು. ವರ್ಷಗಳ ಮೇಲೆ ಅವಳ ದನಿ.

“ನಾಳೆ ಎಡೆ ಇಡ್ಬೇಕು. ಅಪ್ಪಂಗೇನು ಇಷ್ಟ ಅಂತ ನೋಡಿದ್ರೆ ನಂಗೆ ಗೊತ್ತೇ ಇಲ್ಲ. ಅಮ್ಮ ಉಪ್ಪಿಟ್ಟು ಅಂತಾರೆ” ಎಂದಳು. ಅಳುವ ನಡುವೆಯೇ ಸಣ್ಣಗೆ ನಕ್ಕಳು. “ನಿಂಗೆ ಗೊತ್ತಿರುತ್ತೆ.”

“ನಂಗೆ ಹೇಗೆ...”

“ಬುಧವಾರ ಅಪ್ಪನ ಶರ್ಟೆಲ್ಲ ಇದ್ದಿಲ ಹೊಗೆ ವಾಸನೆ ಬರ್ತಿತ್ತು. ಯಾರ ಜೊತೆ ಅಂತ ಅಮ್ಮಂಗೂ ಗೊತ್ತಿತ್ತು. ಕೇಳಿದ್ರೆ ನಿಲ್ಲಿಸಿಬಿಡ್ತಾರೆ ಅಂತ ಯಾರೂ ಕೇಳ್ಲಿಲ್ಲ.”

ಹೇಳಿದೆ. ಯಾವ ಗಲ್ಲಿ, ಯಾವ ಅಂಗಡಿ, ಎಷ್ಟು ಬೆಂದಿರಬೇಕು, ಎಲ್ಲ ಹೇಳಿದೆ. ನಾನೇ ತಂದುಕೊಡಲೇ ಎಂದು ಕೇಳಿದೆ. ಬೇಡ, ಮನೆಯವರು ಹೋಗಿ ತರುತ್ತಾರೆ ಎಂದಳು. ಸರಿಯೇ, ಅದು ಈಗಿನ ಅಳಿಯನ ಕೆಲಸ.

ಎಡೆಯ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಪಟದ ಮುಂದೆ ಬಾಳೆ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆಯುತ್ತಾರೆ, ಅವರು ಬಂದು ನೆಮ್ಮದಿಯಾಗಿ ಒಬ್ಬರೇ ಉಣ್ಣಲಿ ಎಂದು. ಆದರೆ ಮಾವ ಒಬ್ಬರೇ ಉಣ್ಣುವವರಲ್ಲವಲ್ಲ.

“ಒಂದ್ ಮಾತು” ಎಂದೆ. “ಬಾಗ್ಲು ಹಾಕ್ಬೇಡಿ. ಎದುರಿಗೆ ಇನ್ನೊಂದು ಎಲೆ ಹಾಕ್ಕೊಂಡು ಯಾರಾದ್ರೂ ಕೂತ್ಕೊಳ್ಳಿ. ಮೊದಲು ಹಾಗೆ ಕೂತವರು ಒಂದು ತುತ್ತು ತಿನ್ಲಿ. ಇಲ್ದಿದ್ರೆ ಮಾವ ಮುಟ್ಟಲ್ಲ.”

“ನೆಂಟರೆಲ್ಲ ಏನಂತಾರೋ” ಎಂದಳು. ಮತ್ತೆ, “ಅನ್ಲಿ ಬಿಡು. ನಾನು ಕೂತ್ಕೋತೀನಿ” ಎಂದಳು.

ಇನ್ನು ಫೋನ್ ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

“ಮತ್ತೆ ನೀನು?” ಎಂದಳು. “ನಿಂಗೆ ಊಟಕ್ಕೆ ಯಾರಾದ್ರೂ ಜೊತೆಗಿದ್ದಾರಾ?”

“ಇದ್ದಾರೆ” ಎಂದೆ. ಯಾರು ಎಂದು ಅವಳು ಕೇಳುವ ಮೊದಲೇ ಫೋನ್ ಇಟ್ಟುಬಿಟ್ಟೆ.