ಗಿರಣಿ ಪೆಟ್ಟಿಗೆಯೊಳಗಿನ ಖಾಲಿ ಜಾಗ

ಮಸ್ಕಿಯಲ್ಲಿರುವ ನನ್ನ ಅಕ್ಕ ನೀಲಮ್ಮನ ಹಿಟ್ಟಿನ ಗಿರಣಿಯಲ್ಲಿ, ಮೋಟಾರು ನಡೆಸುವ ಪೆಟ್ಟಿಗೆಯ ಬಾಗಿಲ ಮೇಲೆ ಜೋಳದ ಕಾಳಿನಷ್ಟು ಚಿಕ್ಕ ಕೆಂಪು ದೀಪವೊಂದಿದೆ. ಮೂರೂ ಫೇಸಿನ ಕರೆಂಟು ಬಂದರೆ ಅದು ಉರಿಯುತ್ತದೆ. ಒಂದು ಕೈಕೊಟ್ಟರೂ ಉರಿಯದು, ಮೋಟಾರೂ ಹೊರಡದು. ಜೋಳದ ಬುಟ್ಟಿ ಹೊತ್ತು ಬಂದವರು ತನ್ನ ಮುಖಕ್ಕಿಂತ ಮೊದಲು ಆ ದೀಪದ ಮುಖ ನೋಡುತ್ತಾರೆಂಬುದು ಅಕ್ಕನ ಸಣ್ಣ ಅಸಮಾಧಾನ.

ಸಿಂಧನೂರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಬೆಳಕಿನ ಪಾಠ ಹೇಳಿ, ವಕ್ರೀಭವನ, ವ್ಯತಿಕರಣ, ಧ್ರುವೀಕರಣಗಳೆಂಬ ಮಹಾಪದಗಳಿಂದ ಹಿಂದಿನ ಬೆಂಚುಗಳನ್ನು ಸುಖನಿದ್ರೆಗೆ ಕಳಿಸಿ ನಿವೃತ್ತನಾದ ನನಗೆ, ಬೆಳಕನ್ನು ಕಂಡು ಬೆರಗಾಗುವ ಅಭ್ಯಾಸವೊಂದು ಮಾತ್ರ ತಪ್ಪಿಹೋಗಿತ್ತು. ಕಳೆದ ಬೇಸಿಗೆಯಲ್ಲಿ ಅಕ್ಕ ಈ ಹೊಸ ಪೆಟ್ಟಿಗೆ ಹಾಕಿಸಿದ ಕೆಲ ದಿನಕ್ಕೆ ಹೋದಾಗ, ಕರೆಂಟು ತೆಗೆಸಿ ಒಳಗಿಣುಕಿದೆ.

ಒಂದು ಸರ್ಕ್ಯೂಟು ಹಲಗೆ, ಎರಡು ಲೋಕ. ಎಡಕ್ಕೆ ಕಂಬದಿಂದ ನೇರ ಇಳಿದು ಬರುವ ಉಗ್ರ ವಿದ್ಯುತ್ತು. ಬಲಕ್ಕೆ ಮುಟ್ಟಿದರೂ ಮುನಿಯದ ಐದು ವೋಲ್ಟಿನ ಸೌಮ್ಯ ಸಂಸಾರ. ಅಕ್ಕ ದಿನವೂ ಒತ್ತುವ ಗುಂಡಿಗಳು ಈ ಸೌಮ್ಯ ಬದಿಯವು. ನಡುವೆ ಬೆರಳಗಲದ ಖಾಲಿ ಜಾಗ. ಅದನ್ನು ದಾಟುವ ತಂತಿ ಒಂದೂ ಇಲ್ಲ. ಹಾಗಾದರೆ ಕರೆಂಟು ಬಂದ ಸುದ್ದಿ ಈ ಬದಿಗೆ ತಿಳಿಯುವುದು ಹೇಗೆ? ಆ ಜಾಗದ ಮೇಲೆ ಹುಣಸೆ ಬೀಜದಂಥ ಮೂರು ಕಪ್ಪು ತುಣುಕುಗಳು ಕೂತಿವೆ, ಫೇಸಿಗೊಂದರಂತೆ. ಎಡದ ವಿದ್ಯುತ್ತು ಪ್ರತಿರೋಧಕಗಳಲ್ಲಿ ಸೊರಗಿ, ತುಣುಕಿನೊಳಗಿನ ಪುಟ್ಟ ದೀಪವೊಂದನ್ನು ಹೊತ್ತಿಸುತ್ತದೆ. ಎದುರಿಗಿರುವ ಕಣ್ಣು ಆ ಬೆಳಕನ್ನು ಕಂಡು ತನ್ನ ಬದಿಗೆ ವರದಿ ಒಪ್ಪಿಸುತ್ತದೆ. ಸುದ್ದಿ ದಾಟುತ್ತದೆ, ಸಿಟ್ಟು ದಾಟುವುದಿಲ್ಲ. ಅದೂ ಮನುಷ್ಯರ ಕಣ್ಣಿಗೆ ಕಾಣದ ಬೆಳಕು, ಕಪ್ಪು ಕವಚದೊಳಗೆ ಯಾರ ಮೆಚ್ಚುಗೆಯನ್ನೂ ಬೇಡದೆ ಉರಿಯುತ್ತಿರುವಂಥದು. ನನಗೆ ಮೈ ಜುಮ್ಮೆಂದಿತು.

ಇಷ್ಟು ಬೆರಗಾದ ಮೇಲೆ ಕಂಡದ್ದು ಇನ್ನೊಂದು. ಆ ಮೂರು ತುಣುಕುಗಳ ಮೇಲಿಂದ, ಖಾಲಿ ಜಾಗವನ್ನು ಅಡ್ಡಡ್ಡ ದಾಟಿ, ಒದ್ದೆ ವಿಭೂತಿಯ ಮೂರು ಪಟ್ಟೆಗಳು! ಗಿರಣಿಯ ಕಲ್ಲಿಗೆ, ತಕ್ಕಡಿಗೆ ಮುಂಜಾನೆ ವಿಭೂತಿ ಹಚ್ಚುವ ಅಕ್ಕ, ಕರೆಂಟು ಬರುವ ಮೊದಲೇ ಬಾಗಿಲು ತೆರೆದು ಹಲಗೆಯ ಹಣೆಗೂ ಹಚ್ಚುತ್ತಿದ್ದಳು.

"ಅಕ್ಕಾ, ಇಲ್ಲಿ ಹಚ್ಚಬ್ಯಾಡ. ಹಸಿ ಈಬತ್ತಿ ಮ್ಯಾಲಿಂದ ಕರೆಂಟು ದಾಟಿ ನಿನ್ನ ಬೆರಳಿಗೇ ಬರ್ತೈತಿ."

"ಯಾಕಲೇ ತಮ್ಮಾ, ಈಬತ್ತಿ ಹಚ್ಚಿದ್ರ ಕೆಡುಕಾಗ್ತದ ಅಂತ ಯಾವ ಸಾಲ್ಯಾಗ ಕಲ್ತಿ?"

ನನ್ನ ಮಹಾಪದಗಳು ಇಲ್ಲೂ ಕೈಹಿಡಿಯಲಿಲ್ಲ. ನಾನು ಪಟ್ಟೆಗಳನ್ನು ಒರೆಸಿ, ಒಣಗಿಸಿ, ಬಾಗಿಲಿಗೆ ಬೀಗ ಜಡಿದು ಬೀಗದಕೈ ಜೇಬಿಗಿಳಿಸಿದೆ. ಅಕ್ಕ ಅಂದು ಊಟಕ್ಕೆ ಏಳು ಎನ್ನಲಿಲ್ಲ. ನಾನು ಹಸಿದೇ ಸಿಂಧನೂರಿನ ಬಸ್ಸು ಹತ್ತಿದೆ.

ಮುಂಗಾರಿನ ಮೊದಲ ಗುಡುಗಿನ ಮಧ್ಯಾಹ್ನ ಆಕೆಯ ಫೋನು ಬಂತು. "ತಮ್ಮಾ, ಎಲ್ಲೋ ಸಿಡ್ಲು ಬಡೀತು, ಪೆಟ್ಟಿಗಿ ಢಮ್ ಅಂತು. ನನ್ನ ಬೆರಳು ಗುಂಡಿ ಮ್ಯಾಲೇ ಇತ್ತು."

"ನಿನಗೇನಾತು?"

"ಏನೂ ಆಗಿಲ್ಲ. ನೀ ಬಾ."

ಸಿಕ್ಕಿದ ಮೊದಲ ಬಸ್ಸು ಹಿಡಿದು ಮಸ್ಕಿಗೆ ಓಡಿದೆ. ಅವ್ವ ಹೋದ ಮೇಲೆ ನನ್ನನ್ನು ಬೈಯಲು ಉಳಿದವಳು ಈಕೆಯೊಬ್ಬಳೇ. ಲೈನು ತೆಗೆಸಿ ಬಾಗಿಲು ತೆರೆದೆ. ಎಡಬದಿ ಸುಟ್ಟು ಕರಕಲು. ಒಂದು ಕಪ್ಪು ತುಣುಕು ಎಡಕ್ಕೆ ಸೀಳಿತ್ತು. ಬಲಬದಿಗೆ ಒಂದು ಕಲೆಯೂ ಇರಲಿಲ್ಲ. ನಡುವಿನ ಖಾಲಿ ಜಾಗ ನಾನು ಒರೆಸಿಟ್ಟಂತೆಯೇ ಚೊಕ್ಕವಾಗಿತ್ತು. ಅಷ್ಟೊಂದು ಬೆಂಕಿ ಅಲ್ಲಿಯವರೆಗೆ ಬಂದು ನಿಂತುಬಿಟ್ಟಿದೆ. ನಾನು ಆ ಜಾಗ ತೋರಿಸಿದೆ. ಅಕ್ಕ ಬಗ್ಗಿ ನೋಡಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಹೊಸ ಹಲಗೆ ಹಾಕಿಸಿದ ಮರುದಿನ ಮುಂಜಾನೆ ನಾನು ಅಲ್ಲೇ ಇದ್ದೆ. ಅಕ್ಕ ಬೀಗದಕೈ ಕೇಳಲಿಲ್ಲ. ಬಾಗಿಲ ಹೊರಗೇ, ದೀಪದ ಕೆಳಗೆ, ಒಣ ವಿಭೂತಿಯ ಮೂರು ಪಟ್ಟೆ ಎಳೆದಳು. ಪ್ರತಿ ಪಟ್ಟೆಯೂ ನಡುವೆ ಬೆರಳಗಲ ತುಂಡಾಗಿತ್ತು.

"ಯಾಕ ಅಕ್ಕಾ, ನಡುವ ಬಿಟ್ಟಿ?"

"ಅಲ್ಲಿ ನನ್ನ ಕಾಯ್ದವನೇ ಕುಂತಾನಲ್ಲೋ, ಮ್ಯಾಲೆ ಹ್ಯಾಂಗ ಹಚ್ಲಿ?"

ಅಷ್ಟರಲ್ಲಿ ಕರೆಂಟು ಬಂತು. ಬುಟ್ಟಿ ಹೊತ್ತವರೆಲ್ಲ ಕೆಂಪು ದೀಪದ ಕಡೆ ತಿರುಗಿದರು. ನಾನು ಅಕ್ಕನ ಮುಖ ನೋಡುತ್ತಿದ್ದೆ.